ಹೆತ್ತವಳ ಮನೆಗೆ ಮಗಳನ್ನು ಕರೆದುಕೊಂಡು ಹೋಗುವಾಗ

ಪ್ರಶ್ನೆ: ನಾವು ಹಾಸನ ಜಿಲ್ಲೆಯವರು. ನ್ಯೂಜೆರ್ಸಿಗೆ ಬಂದು 22 ವರ್ಷವಾಯಿತು. ಮಕ್ಕಳಾಗಲಿಲ್ಲ. 2011ರಲ್ಲಿ ಇಥಿಯೋಪಿಯಕ್ಕೆ ಹೋಗಿ ಎರಡು ವರ್ಷದ ಹೆಣ್ಣುಮಗುವನ್ನು ದತ್ತು ತಂದೆವು. ಈಗ ಅವಳಿಗೆ 16. ಆಗ ಅಡಿಸ್ ಅಬಾಬಾದಲ್ಲಿ ಅವಳ ಹೆತ್ತ ತಾಯಿಯನ್ನು ಇಪ್ಪತ್ತು ನಿಮಿಷ ನೋಡಿದ್ದೆವು. ಆಕೆ ಅಳುತ್ತಿದ್ದಳು, ನಾನೂ ಅಳುತ್ತಿದ್ದೆ, ಏನನ್ನೂ ಕೇಳಲಾಗಲಿಲ್ಲ. ಊರು ಹೊಸಾನಾ ಹತ್ತಿರದ ಹಳ್ಳಿ, ತಂದೆ ತೀರಿಕೊಂಡಿದ್ದಾರೆ ಎಂದು ಕಾಗದದಲ್ಲಿದೆ. ದತ್ತು ಸಂಸ್ಥೆ ಮುಚ್ಚಿಹೋಗುವ ತನಕ ವರ್ಷ ವರ್ಷ ಫೋಟೊ, ವರದಿ ಕಳಿಸಿದೆವು. ಈ ಯುಗಾದಿಯಿಂದ ಮಗಳು "ನನ್ನನ್ನು ಹೆತ್ತವಳನ್ನು ನೋಡಬೇಕು" ಎನ್ನುತ್ತಿದ್ದಾಳೆ. ನಮ್ಮ ಯಜಮಾನರು ಒಪ್ಪಿದ್ದಾರೆ. ಅತ್ತೆಯವರು "ಆರಿದ ಬೂದಿ ಯಾಕೆ ಕೆದಕುತ್ತೀರಿ, ಹುಡುಗಿ ಅಲ್ಲೇ ಉಳಿದುಬಿಟ್ಟರೆ?" ಎನ್ನುತ್ತಾರೆ. ನನಗೂ ಒಳಗೊಳಗೆ ಅದೇ ಭಯ. ಆಕೆ ದುಡ್ಡು ಕೇಳಿದರೆ? ಮಗಳನ್ನೇ ವಾಪಸ್ ಕೇಳಿದರೆ? ಹೋಗುವುದಾದರೆ ಏನೇನು ಸಿದ್ಧತೆ ಮಾಡಿಕೊಳ್ಳಬೇಕು?
– ಹೆಸರು ಬೇಡ, ನ್ಯೂಜೆರ್ಸಿ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೋಗಬೇಕೋ ಬೇಡವೋ ಎನ್ನುವುದಕ್ಕೆ ನನ್ನ ಉತ್ತರ ಒಂದೇ, ಹೋಗಿ. ಹದಿನಾರರ ಹುಡುಗಿ ಬಾಯಿಬಿಟ್ಟು ಕೇಳಿದ್ದಾಳೆ ಎಂದರೆ ಎಷ್ಟೋ ವರ್ಷದಿಂದ ಮನಸ್ಸಿನಲ್ಲೇ ಕೇಳಿಕೊಂಡಿದ್ದಾಳೆ. ನೀವು ಬೇಡ ಎಂದರೂ ಹದಿನೆಂಟು ತುಂಬಿದ ಮೇಲೆ ಒಬ್ಬಳೇ ಹೋಗಬಹುದು. ಆಗ ಅವಳ ಪಕ್ಕದಲ್ಲಿ ನೀವಿರುವುದಿಲ್ಲ. ಆದರೆ ಬರುವ ರಜಕ್ಕೇ ಟಿಕೆಟ್ ತೆಗೆಯಬೇಡಿ. ಎಂಟು ಹತ್ತು ತಿಂಗಳ ಕೆಲಸ ಮುಂದಿದೆ.

ನಾನು ಮೇರಿಲ್ಯಾಂಡ್‌ನಲ್ಲಿ 19 ವರ್ಷದಿಂದ ದತ್ತು ಕುಟುಂಬಗಳಿಗೆ ಆಪ್ತಸಮಾಲೋಚಕಿ. ವಾಷಿಂಗ್ಟನ್ ಸುತ್ತಮುತ್ತ ಇಥಿಯೋಪಿಯದ ಜನ ಬಹಳ ಇದ್ದಾರೆ. ಅಲ್ಲಿಂದ ಬಂದ ಮಕ್ಕಳನ್ನು ಬೆಳೆಸುತ್ತಿರುವ ಮನೆಗಳೇ ನನ್ನ ಬಳಿ ಹೆಚ್ಚು. ನಾಲ್ಕು ಕುಟುಂಬಗಳ ಜೊತೆ ನಾನೇ ಹೋಗಿ ಬಂದಿದ್ದೇನೆ. ಇಲ್ಲಿ ಹೇಳುವುದರಲ್ಲಿ ಅರ್ಧ ಆ ನಾಲ್ಕು ಪ್ರಯಾಣಗಳಲ್ಲಿ, ಕೆಲವು ಸಲ ತಪ್ಪು ಮಾಡಿ, ಕಲಿತದ್ದು.

ಮೊದಲು ಒಂದು ಪದದ ವಿಚಾರ. ನಿಮ್ಮ ಕಡತದಲ್ಲಿರುವ ಕೋರ್ಟ್ ಆದೇಶದ ಅಮ್ಹಾರಿಕ್ (ಇಥಿಯೋಪಿಯದ ಸರ್ಕಾರಿ ಭಾಷೆ) ಪ್ರತಿಯನ್ನು ಯಾರಿಂದಲಾದರೂ ಓದಿಸಿ. ದತ್ತು ಎನ್ನುವಲ್ಲಿ "ಗುದಿಫೆಚ" ಎಂದಿರುತ್ತದೆ. ಅದು ಒರೊಮೊ ಜನರ ಭಾಷೆಯಿಂದ ಬಂದ ಪದ. ಅವರಲ್ಲಿ ಗುದಿಫೆಚ ಕಾನೂನಿಗಿಂತ ಎಷ್ಟೋ ಹಳೆಯ ಪದ್ಧತಿ. ಮಕ್ಕಳಿಲ್ಲದವರು ಹಿರಿಯರ ಸಮ್ಮುಖದಲ್ಲಿ ಮಗುವನ್ನು ತೆಗೆದುಕೊಂಡು ಸ್ವಂತ ಮಗುವಾಗಿಯೇ ಬೆಳೆಸುತ್ತಾರೆ. ಆದರೆ ಮಗುವಿಗೆ ತನ್ನನ್ನು ಹೆತ್ತವರು ಯಾರೆಂದು ಗೊತ್ತಿರುತ್ತದೆ, ಬರುವುದು ಹೋಗುವುದು ಇರುತ್ತದೆ. ನಮ್ಮ ಅಜ್ಜಂದಿರ ಕಾಲದ ದತ್ತು ನೆನಪಿಸಿಕೊಳ್ಳಿ. ಅಣ್ಣನ ಮಗನನ್ನು ತಮ್ಮ ದತ್ತು ತೆಗೆದುಕೊಂಡರೆ ಹೆತ್ತವಳು ಪಕ್ಕದ ಮನೆಯಲ್ಲೇ ಇರುತ್ತಿದ್ದಳು, ಹುಡುಗ ಅವಳನ್ನು ದೊಡ್ಡಮ್ಮ ಎಂದು ಕರೆದು ಅವಳ ಕೈಯಲ್ಲೇ ಊಟ ಮಾಡುತ್ತಿದ್ದ. ಕೊಟ್ಟಳು ಎಂದರೆ ಕಳೆದುಕೊಂಡಳು ಎಂದಲ್ಲ.

ಇಥಿಯೋಪಿಯದ 2000ದ ಪರಿಷ್ಕೃತ ಕುಟುಂಬ ಸಂಹಿತೆಯೂ ಇದೇ ಜಾಡಿನಲ್ಲಿದೆ. ದತ್ತು ಹೋದ ಮಗುವಿಗೆ ಹುಟ್ಟಿದ ಕುಟುಂಬದ ಸಂಬಂಧ ಉಳಿಯುತ್ತದೆ, ಎರಡರಲ್ಲಿ ಒಂದನ್ನು ಆರಿಸಲೇಬೇಕಾದಾಗ ದತ್ತು ಕುಟುಂಬಕ್ಕೆ ಆದ್ಯತೆ ಎನ್ನುತ್ತದೆ. ಅಮೆರಿಕದ ಲೆಕ್ಕ ಬೇರೆ. ಇಲ್ಲಿ ದತ್ತು ಮುಗಿಯಿತು ಎಂದರೆ ಹೆತ್ತವರ ಸಂಬಂಧ ಕಾನೂನಿನ ಪ್ರಕಾರ ಕಡಿಯಿತು. ಹೀಗೆ ಒಂದೇ ಕಾಗದಕ್ಕೆ ಎರಡು ಕಡೆ ಎರಡು ಅರ್ಥ. ನೀವು ಆ ಇಪ್ಪತ್ತು ನಿಮಿಷ ಕೂತಿದ್ದಾಗ ನಿಮ್ಮ ಎದುರಿನ ಹೆಂಗಸು ಮಗಳನ್ನು ದೂರದ ಊರಿನ ನೆಂಟರ ಮನೆಗೆ ಬೆಳೆಯಲು ಕಳಿಸುತ್ತಿದ್ದೇನೆ ಎಂದುಕೊಂಡಿರಬಹುದು. ದಕ್ಷಿಣದ ಹಳ್ಳಿಗಳಲ್ಲಿ ನಾನು ಕಂಡ ತಾಯಂದಿರಲ್ಲಿ, ಅವರು ಒರೊಮೊ ಅಲ್ಲದಿದ್ದರೂ, ಹೆಚ್ಚಿನವರು ಹಾಗೆಯೇ ತಿಳಿದಿದ್ದರು. "ದೊಡ್ಡವಳಾದ ಮೇಲೆ ಬರುತ್ತಾಳೆ" ಎಂದು ಹೇಳಿ ಒಪ್ಪಿಸಿದ ದಲ್ಲಾಳಿಗಳೂ ಇದ್ದರು.

ಆದ್ದರಿಂದ ನೀವು ಯಾವ ಸ್ಥಾನದಲ್ಲಿ ನಿಂತು ಹೋಗುತ್ತೀರಿ ಎನ್ನುವುದನ್ನು ಮೊದಲು ತೀರ್ಮಾನ ಮಾಡಿಕೊಳ್ಳಿ. ದಾನಿಗಳಾಗಿ ಹೋಗಬೇಡಿ, ಅಪರಾಧಿಗಳಾಗಿಯೂ ಹೋಗಬೇಡಿ. ಕನ್ನಡದಲ್ಲಿ ಇದಕ್ಕೆ ಬಹಳ ಹತ್ತಿರದ ಪದ ನನಗೆ ಕಾಣುವುದು ಬೀಗರು. ಒಂದು ಮಗುವಿನಿಂದಾಗಿ ನೆಂಟರಾದ ಎರಡು ಮನೆಗಳು. ಬೀಗರ ಮನೆಗೆ ಹೇಗೆ ಹೋಗುತ್ತೇವೆ? ಹೇಳಿ ಕಳಿಸಿ ಹೋಗುತ್ತೇವೆ, ಬರಿಗೈಯಲ್ಲಿ ಹೋಗುವುದಿಲ್ಲ, ಕೊಟ್ಟದ್ದನ್ನು ಬೇಡ ಎನ್ನುವುದಿಲ್ಲ, ಅವರ ಮನೆಯ ಬಡತನವನ್ನು ಕಣ್ಣಲ್ಲಿ ಅಳೆಯುವುದಿಲ್ಲ. ಆ ಲೆಕ್ಕದಲ್ಲೇ ಹೊರಟರೆ ಮುಂದಿನ ಎಷ್ಟೋ ಪ್ರಶ್ನೆಗಳು ತಾವಾಗಿ ಸಡಿಲವಾಗುತ್ತವೆ.

ಮಗಳನ್ನು ವಾಪಸ್ ಕೇಳಿದರೆ ಎಂದಿರಿ. ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲ. ಅವಳು ಅಮೆರಿಕದ ಪ್ರಜೆ. ಇಥಿಯೋಪಿಯ ಎರಡು ದೇಶದ ಪೌರತ್ವ ಒಪ್ಪುವುದಿಲ್ಲ, ಹಾಗಾಗಿ ಅವಳು ಹುಟ್ಟಿದ ನೆಲಕ್ಕೂ ವೀಸಾ, ಇಲ್ಲವೇ ಇಥಿಯೋಪಿಯ ಮೂಲದವರಿಗೆ ಕೊಡುವ ಗುರುತಿನ ಚೀಟಿ, ತೆಗೆದುಕೊಂಡೇ ಹೋಗಬೇಕು. (ಈ ಮಾತು ಮಗಳಿಗೆ ಚುಚ್ಚುತ್ತದೆ. ವೀಸಾ ಅರ್ಜಿ ತುಂಬುವಾಗ ಒಬ್ಬಳನ್ನೇ ಕೂರಿಸಬೇಡಿ.) ಪಾಸ್‌ಪೋರ್ಟ್ ಒಂದೇ ಅಲ್ಲದೆ ಪೌರತ್ವದ ಪ್ರಮಾಣಪತ್ರವೂ ಕೈಯಲ್ಲಿದೆಯೇ ನೋಡಿ. 2011ರಲ್ಲಿ ಕೋರ್ಟಿಗೆ ಮುಂಚೆ ನೀವಿಬ್ಬರೂ ಹೋಗಿ ಮಗುವನ್ನು ನೋಡಿದ್ದರೆ ಐಆರ್-3 ವೀಸಾದಲ್ಲಿ ಬಂದಿರುತ್ತಾಳೆ, ಬಂದಿಳಿದ ದಿನವೇ ಪ್ರಜೆ. ಒಬ್ಬರೇ ಹೋಗಿದ್ದರೆ ಐಆರ್-4. ಆಗ ಇಲ್ಲಿ ಇನ್ನೊಮ್ಮೆ ದತ್ತು ಪ್ರಕ್ರಿಯೆ ಆಗಿರಬೇಕು. ಅದು ಬಾಕಿ ಉಳಿದಿದ್ದರೆ ಪ್ರಯಾಣಕ್ಕೆ ಮುಂಚೆ ವಕೀಲರನ್ನು ಕಾಣಿ.

ಆದರೆ ಆಕೆ "ಯಾವಾಗ ಕರೆದುಕೊಂಡು ಬರುತ್ತೀರಿ" ಎಂದು ಕೇಳಬಹುದು. ಅದನ್ನು "ವಾಪಸ್ ಕೊಡಿ" ಎಂದು ಕೇಳಿಸಿಕೊಳ್ಳಬೇಡಿ. ಮಗಳನ್ನು ಕೊಟ್ಟ ತಾಯಿ "ಹಬ್ಬಕ್ಕೆ ಯಾವಾಗ ಕಳಿಸುತ್ತೀರಿ" ಎಂದು ಬೀಗರನ್ನು ಕೇಳುತ್ತಾಳಲ್ಲ, ಆ ದನಿಯ ಪ್ರಶ್ನೆ ಅದು. ಇನ್ನೊಂದು ಪ್ರಶ್ನೆ ಬರಬಹುದು, "ಇವಳ ತಮ್ಮನನ್ನೂ ಕರೆದುಕೊಂಡು ಹೋಗಿ" ಎಂದು. ಅದಕ್ಕೆ ಉತ್ತರ ಸರಳ. 2018ರ ಜನವರಿಯಲ್ಲಿ ಇಥಿಯೋಪಿಯದ ಸಂಸತ್ತು ವಿದೇಶಿಯರಿಗೆ ದತ್ತು ಕೊಡುವುದನ್ನೇ ನಿಲ್ಲಿಸಿತು. ನಿಮಗೆ ಮನಸ್ಸಿದ್ದರೂ ದಾರಿಯಿಲ್ಲ ಎಂದು ಹೇಳಿ.

ಆ ಕಾನೂನು ಯಾಕೆ ಬಂತು ಎನ್ನುವುದು ನಿಮಗೆ ಗೊತ್ತಿರಲಿ, ಯಾಕೆಂದರೆ ಆ ತಾಯಿಗೆ ಅದು ಗೊತ್ತಿರುತ್ತದೆ. 2010ರ ಹೊತ್ತಿಗೆ ಅಮೆರಿಕಕ್ಕೇ ವರ್ಷಕ್ಕೆ ಸುಮಾರು 2500 ಮಕ್ಕಳು ಇಥಿಯೋಪಿಯದಿಂದ ಬರುತ್ತಿದ್ದರು. ಅಷ್ಟು ಬೇಡಿಕೆ ಇದ್ದಲ್ಲಿ ಹಳ್ಳಿ ಹಳ್ಳಿಗೆ ಮಕ್ಕಳನ್ನು ಹುಡುಕಿಕೊಂಡು ಹೋಗುವವರು ಹುಟ್ಟಿಕೊಂಡರು. 2011ರ ಮಾರ್ಚ್‌ನಲ್ಲಿ ಅಲ್ಲಿನ ಸಚಿವಾಲಯ ದಿನಕ್ಕೆ ಐದೇ ಕಡತ ನೋಡುತ್ತೇವೆ ಎಂದು ಹಠಾತ್ತನೆ ಕಡಿತ ಮಾಡಿತು. ಅದೇ ವರ್ಷ ವಾಷಿಂಗ್ಟನ್ ರಾಜ್ಯದಲ್ಲಿ ಇಥಿಯೋಪಿಯದಿಂದ ಬಂದ ಹುಡುಗಿಯೊಬ್ಬಳು ಸಾಕಿದವರ ಹಿಂಸೆಯಲ್ಲೇ ಸತ್ತಳು. 2013ರಲ್ಲಿ ಅವರಿಬ್ಬರಿಗೂ ಶಿಕ್ಷೆಯಾಯಿತು. ಆ ಸುದ್ದಿ ಇಥಿಯೋಪಿಯದ ತುಂಬ ಹರಡಿತು. ಮಗುವನ್ನು ಕಳಿಸಿದ ಒಬ್ಬೊಬ್ಬ ತಾಯಿಯೂ ಅಂದು ತನ್ನ ಮಗುವನ್ನೇ ನೆನೆದಿರಬೇಕು.

ದಕ್ಷಿಣ ಇಥಿಯೋಪಿಯದ ಹವಾಸ ಪಟ್ಟಣದ ಆಚೆ ಸಿದಾಮ ಜನರ ಹಳ್ಳಿಯೊಂದರಲ್ಲಿ ಕಂಡದ್ದನ್ನು ಹೇಳುತ್ತೇನೆ. ಹುಡುಗನಿಗೆ ಹದಿನಾಲ್ಕು. ಒಳಗೆ ಬಂದೊಡನೆ ಆ ತಾಯಿ ತಬ್ಬಿಕೊಳ್ಳಲಿಲ್ಲ. ಅವನ ಕೈ ಹಿಡಿದು ಅಂಗಿಯ ತೋಳು ಮೊಣಕೈ ತನಕ ಸರಿಸಿದಳು. ಇನ್ನೊಂದು ತೋಳು ಸರಿಸಿದಳು. ಕತ್ತಿನ ಹಿಂಭಾಗ ನೋಡಿದಳು. ಕೆಳಗೆ ಕೂತು ಅವನ ಶೂ ಬಿಚ್ಚಿಸಿ ಅಂಗಾಲು ನೋಡಿದಳು. ಹುಡುಗ ಬೆಚ್ಚಿ ಅಪ್ಪನ ಕಡೆ ತಿರುಗಿದ. ಹೊಡೆದ ಗುರುತು ಎಲ್ಲಾದರೂ ಇದೆಯೇ ಎಂದು ಹುಡುಕುತ್ತಿದ್ದಾಳೆ ಎಂದು ನನಗೆ ಅರ್ಥವಾಗುವುದಕ್ಕೇ ಒಂದು ನಿಮಿಷ ಹಿಡಿಯಿತು. ಎಲ್ಲ ನೋಡಿ ಮುಗಿಸಿ ಆಮೇಲೆ ಅವನ ಪಾದವನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು.

ಆಗ ಆಕೆ ಏನೋ ಉದ್ದವಾಗಿ ಹೇಳಿದಳು. ಅವಳ ಸಿದಾಮ ಮಾತನ್ನು ಒಬ್ಬ ಅಮ್ಹಾರಿಕ್‌ಗೆ ಹೇಳಿದ, ಅಮ್ಹಾರಿಕ್‌ನಿಂದ ಇನ್ನೊಬ್ಬ ಇಂಗ್ಲಿಷಿಗೆ ಹೇಳಿದ. ನಮಗೆ ತಲುಪಿದ್ದು ಎರಡೇ ಮಾತು: ಆಕೆಗೆ ಸಂತೋಷವಾಗಿದೆ. ನನಗೆ ಸಮಾಧಾನವಾಗಲಿಲ್ಲ. ಸಂಜೆ ಅಲ್ಲಿಯ ಶಾಲೆಯ ಟೀಚರೊಬ್ಬರನ್ನು ಕೂರಿಸಿ ನನ್ನ ಫೋನಿನ ರೆಕಾರ್ಡಿಂಗ್ ಕೇಳಿಸಿದೆ. ಆಕೆ ಹೇಳಿದ್ದು ಇದು: "ನನ್ನ ಹಾಲು ಬತ್ತಿತ್ತು. ಬದುಕಲಿ ಅಂತ ಕೊಟ್ಟೆ. ಬದುಕಿದ್ದಾನೆ ಅಂತ ಹೇಳೋಕೆ ಇಷ್ಟು ವರ್ಷದಲ್ಲಿ ಒಬ್ಬರೂ ಬರಲಿಲ್ಲ." ಆ ಮಾತು ಹುಡುಗನಿಗೆ ಒಂದು ದಿನ ತಡವಾಗಿ ಸಿಕ್ಕಿತು. ಸಿಗದೆಯೇ ಹೋಗಬಹುದಿತ್ತು.

ಹಾಗಾಗಿ ನಿಮ್ಮ ಖರ್ಚಿನ ಪಟ್ಟಿಯಲ್ಲಿ ಹೋಟೆಲಿಗಿಂತ ಮೇಲೆ ದುಭಾಷಿ ಇರಲಿ. ಹೊಸಾನಾ ಹದಿಯ ಜನರ ಪಟ್ಟಣ. ಆ ತಾಯಿಯ ಮನೆಮಾತು ಹದಿಯ ಭಾಷೆಯೇ ಇರಬಹುದು, ಕೆಂಬಾಟವೂ ಇರಬಹುದು. ಅಮ್ಹಾರಿಕ್ ಅವಳಿಗೆ ಸರ್ಕಾರಿ ಕಚೇರಿಯ ಭಾಷೆ. ಅವಳ ಮಾತಿನಿಂದ ನೇರವಾಗಿ ಇಂಗ್ಲಿಷಿಗೆ ಹೇಳಬಲ್ಲ ಹೆಂಗಸೊಬ್ಬರನ್ನು ಹುಡುಕಿ. ಹೆಂಗಸೇ ಆಗಬೇಕು, ಹೆರಿಗೆ, ಹಾಲು, ಗಂಡ, ಬಸಿರು ಇವೆಲ್ಲ ಗಂಡಸಿನ ಎದುರು ಹೇಳುವ ಮಾತಲ್ಲ. ಹಿಂದೆ ದತ್ತು ಸಂಸ್ಥೆಗೆ ಕೆಲಸ ಮಾಡಿದವರು ಬೇಡ. ಒಂದು ವಾಕ್ಯವನ್ನೂ ಮೊಟಕು ಮಾಡಬಾರದು, ಕಠಿಣವಾದದ್ದನ್ನು ನಯ ಮಾಡಬಾರದು ಎಂದು ಮೊದಲೇ ಹೇಳಿ, ತಾಯಿಯ ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿಕೊಳ್ಳಿ. ಇನ್ನೊಂದು ಸಣ್ಣ ವಿಷಯ, ನನಗೆ ಬಹಳ ಪ್ರಿಯವಾದದ್ದು. ಸಿದಾಮ ಭಾಷೆಯಲ್ಲಿ ತಾಯಿ "ಅಮಾ", ತಂದೆ "ಅನ್ನಾ". ಅಪ್ಪನನ್ನು ಅಣ್ಣ ಎಂದೇ ಕರೆದು ಬೆಳೆದ ನನಗೆ ಆ ಅಂಗಳದಲ್ಲಿ ಮಕ್ಕಳ ಕೂಗು ಕೇಳಿ ನಿಂತಲ್ಲೇ ನಿಂತುಬಿಡುವಂತಾಗಿತ್ತು.

ಇನ್ನು ಹುಡುಕುವ ಕೆಲಸ. ಮುಖ್ಯವಾದ ಕಾಗದ ಕೋರ್ಟ್ ಆದೇಶವಲ್ಲ, ಕೆಬೆಲೆಯ ಪತ್ರ. ಕೆಬೆಲೆ ಎಂದರೆ ನಮ್ಮ ಗ್ರಾಮ ಪಂಚಾಯಿತಿಯ ಮಟ್ಟದ ಆಡಳಿತ. ಈ ಮನೆಯವರು ಇಂಥವರು, ತಂದೆ ಸತ್ತಿದ್ದಾರೆ, ತಾಯಿಗೆ ಸಾಕಲು ಶಕ್ತಿಯಿಲ್ಲ ಎಂದು ಅವರು ಬರೆದುಕೊಟ್ಟ ಚೀಟಿ ಕಡತದಲ್ಲಿ ಇರಬೇಕು. ಇಲ್ಲದಿದ್ದರೆ ಅಮೆರಿಕದ ವಲಸೆ ಇಲಾಖೆಯಲ್ಲಿ ಮಗಳ ಕಡತದ ಪ್ರತಿ ಕೊಡಿ ಎಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ, ನಿಮಗೆ ಸಂಸ್ಥೆ ಕೊಡದೇ ಇದ್ದ ಹಾಳೆಗಳೂ ಅಲ್ಲಿ ಸಿಗುವುದುಂಟು. ಕಾಗದದಲ್ಲಿ ಊರು ದಕ್ಷಿಣದ ಹಳೆಯ ದೊಡ್ಡ ಪ್ರದೇಶದ ಹೆಸರಿನಲ್ಲಿರುತ್ತದೆ. 2023ರ ಆಗಸ್ಟ್‌ನಲ್ಲಿ ಅದನ್ನು ಒಡೆದರು, ಹೊಸಾನಾ ಈಗ ಮಧ್ಯ ಇಥಿಯೋಪಿಯ ಪ್ರದೇಶದಲ್ಲಿದೆ. ಹಳೆಯ ವಿಳಾಸ ಹಿಡಿದು ಹೋದರೆ ಸುತ್ತಬೇಕಾಗುತ್ತದೆ.

ಹೆಸರು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ಮನೆತನದ ಹೆಸರಿಲ್ಲ. ಮಗುವಿನ ಹೆಸರು, ಅದರ ಮುಂದೆ ಅಪ್ಪನ ಹೆಸರು, ಅದರ ಮುಂದೆ ಅಜ್ಜನ ಹೆಸರು. ಇನಿಷಿಯಲ್ ಇಟ್ಟುಕೊಂಡು ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ, ಅಮೆರಿಕದವರಿಗೆ ಆಗುವುದಿಲ್ಲ. ಮದುವೆಯಾದರೂ ಹೆಂಗಸು ತನ್ನ ಅಪ್ಪನ ಹೆಸರನ್ನೇ ಇಟ್ಟುಕೊಳ್ಳುತ್ತಾಳೆ. ಆದ್ದರಿಂದ ತಾಯಿಯ ಎರಡನೇ ಹೆಸರಿಗೂ ಮಗುವಿನ ಎರಡನೇ ಹೆಸರಿಗೂ ತಾಳೆಯಾಗದಿದ್ದರೆ ಅದು ಮೋಸವಲ್ಲ. ದತ್ತಿನ ನಂತರ ಮಾಡಿಸಿದ ಜನನ ಪತ್ರದಲ್ಲಿ ನಿಮ್ಮ ಯಜಮಾನರ ಹೆಸರು ಬಂದಿರುತ್ತದೆ, ಅದು ಹುಡುಕಾಟಕ್ಕೆ ಉಪಯೋಗವಿಲ್ಲ. ಹುಟ್ಟಿದ ವರ್ಷ 2001 ಎಂದಿದ್ದರೂ ಗಾಬರಿಯಾಗಬೇಡಿ. ಅವರ ಪಂಚಾಂಗ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ ನಡೆಯುತ್ತದೆ, ವರ್ಷಕ್ಕೆ ಹದಿಮೂರು ತಿಂಗಳು. ಅವರ 2001 ಎಂದರೆ 2008ರ ಸೆಪ್ಟೆಂಬರಿನಿಂದ 2009ರ ಸೆಪ್ಟೆಂಬರ್. ಮಗಳು ಇಷ್ಟು ವರ್ಷ ಆಚರಿಸಿದ ಹುಟ್ಟುಹಬ್ಬದ ದಿನ ಯಾರೋ ಗುಮಾಸ್ತ ಅಂದಾಜಿಗೆ ಬರೆದದ್ದೂ ಆಗಿರಬಹುದು. ಅದನ್ನು ಅವಳಿಗೆ ಇಲ್ಲೇ, ಹೊರಡುವ ಮುಂಚೆಯೇ ಹೇಳಿ.

ಹುಡುಕಿಕೊಡುವವರು ಅಡಿಸ್ ಅಬಾಬಾದಲ್ಲಿದ್ದಾರೆ, ಹಣ ಪಡೆದು ಹಳ್ಳಿಗೆ ಹೋಗಿ ವಿಡಿಯೋ ಮಾಡಿ ತರುತ್ತಾರೆ. "ಬೇತೆಸೆಬ್ ಫೆಲೆಗ", ಅಂದರೆ ಕುಟುಂಬ ಹುಡುಕಾಟ, ಎಂಬ ಹೆಸರಿನ ದಾಖಲೆ ಸಂಗ್ರಹವೂ ಇದೆ. ಅಲ್ಲಿ ದತ್ತು ಕೊಟ್ಟ ಕುಟುಂಬಗಳೂ ತಮ್ಮ ಮಗುವಿನ ವಿವರ ಬರೆಸಿರುತ್ತಾರೆ. ಮೊದಲು ಅಲ್ಲಿ ನೋಡಿ, ಆಕೆಯೇ ನಿಮ್ಮನ್ನು ಹುಡುಕುತ್ತಿರಬಹುದು.

ವಿಡಿಯೋ ಬಂದಾಗ ಮೊದಲು ನೀವಿಬ್ಬರೇ ನೋಡಿ, ಅದೇ ದಿನ ಮಗಳಿಗೂ ತೋರಿಸಿ. ಮರುದಿನಕ್ಕೆ ಎಂದು ಇಟ್ಟುಕೊಳ್ಳಬೇಡಿ. ಒಂದು ಕಷ್ಟದ ಮಾತು ಈಗಲೇ ಹೇಳಿಬಿಡುತ್ತೇನೆ. ಕಾಗದದಲ್ಲಿ ಸತ್ತಿದ್ದಾರೆ ಎಂದಿದ್ದ ತಂದೆ ಎದುರು ಬಂದು ನಿಂತದ್ದನ್ನು ನನ್ನ ನಾಲ್ಕು ಪ್ರಯಾಣಗಳಲ್ಲಿ ಎರಡು ಸಲ ಕಂಡಿದ್ದೇನೆ. ತಂದೆ ಇದ್ದರೆ ಮಗು ಅನಾಥ ಎಂದು ವೀಸಾ ಸಿಗುವುದು ಕಷ್ಟ, ಅದಕ್ಕೆ ಕಾಗದದಲ್ಲಿ ಕೊಂದಿದ್ದರು. ಹಾಗೇನಾದರೂ ಗೊತ್ತಾದರೆ ಮಗಳಿಗೆ ಸಿಟ್ಟು ಬರುತ್ತದೆ, ಆ ಸಿಟ್ಟು ನಿಮ್ಮ ಮೇಲೂ ತಿರುಗುತ್ತದೆ. "ನಮಗೆ ಗೊತ್ತಿರಲಿಲ್ಲ" ಎನ್ನುವುದು ನಿಜ, ಆದರೆ ಅದೊಂದೇ ಉತ್ತರ ಸಾಲುವುದಿಲ್ಲ. "ನಾವು ಇನ್ನೂ ಹೆಚ್ಚು ಕೇಳಬೇಕಿತ್ತು" ಎನ್ನುವುದನ್ನೂ ಹೇಳಲು ಸಿದ್ಧರಿರಿ. ಕಾಗದ ಪೂರಾ ಅನುಮಾನ ಹುಟ್ಟಿಸಿದರೆ ಡಿಎನ್‌ಎ ಪರೀಕ್ಷೆ ಮಾಡಿಸಬಹುದು, ಆದರೆ ಅದು ಭೇಟಿಗೆ ಮುಂಚೆ, ಹುಡುಕುವವರ ಮೂಲಕ, ಆಕೆಗೆ ಪೂರ್ತಿ ವಿವರಿಸಿ, ಒಪ್ಪಿದರೆ ಮಾತ್ರ. ತಬ್ಬಿಕೊಳ್ಳಲು ಬಂದವಳ ಬಾಯಿಗೆ ಹತ್ತಿಕಡ್ಡಿ ಹಿಡಿಯಬಾರದು.

ನೀವು ವರ್ಷ ವರ್ಷ ಕಳಿಸಿದ ಫೋಟೊಗಳ ಬಗ್ಗೆ. ಇಥಿಯೋಪಿಯ ಮಗುವಿಗೆ ಹದಿನೆಂಟಾಗುವವರೆಗೆ ವರ್ಷಕ್ಕೊಂದು ವರದಿ ಕೇಳುತ್ತಿತ್ತು. ಆ ವರದಿಗಳು ಕಚೇರಿಗೆ ತಲುಪಿದವು, ಹಳ್ಳಿಗೆ ತಲುಪಿದ್ದು ಅಪರೂಪ. ಆಕೆ ಒಂದನ್ನೂ ನೋಡಿಲ್ಲ ಎಂದೇ ಅಂದುಕೊಂಡು ಹೋಗಿ. ಅಷ್ಟೂ ವರ್ಷದ ಫೋಟೊಗಳನ್ನು ಅಚ್ಚು ಹಾಕಿಸಿ, ವರ್ಷಕ್ಕೆ ನಾಲ್ಕರಂತೆ, ಪ್ಲಾಸ್ಟಿಕ್ ಹಾಳೆಯ ಗಟ್ಟಿ ಆಲ್ಬಮ್ಮಿನಲ್ಲಿ. ಅಲ್ಲಿನ ಮನೆಗಳಲ್ಲಿ ಒಲೆಯ ಹೊಗೆ, ಮಳೆಯ ತೇವ ಎರಡೂ ಇರುತ್ತವೆ. ಹಲ್ಲು ಬಿದ್ದ ಫೋಟೊ, ಶಾಲೆಯ ಮೊದಲ ದಿನ, ಜ್ವರದಲ್ಲಿ ಮಲಗಿದ್ದು, ಉಂಡದ್ದು. ಆಲ್ಬಮ್ ಪುಟ ತಿರುಗಿಸುವಾಗ ನೀವು ಮಾತಾಡಬೇಡಿ, ಆಕೆ ಕೇಳಿದರೆ ಮಾತ್ರ ಹೇಳಿ.

ದುಡ್ಡಿನ ಪ್ರಶ್ನೆ. ನನ್ನ ಜೊತೆ ಬಂದ ಒಬ್ಬ ತಂದೆ, ಬಹಳ ಒಳ್ಳೆಯ ಮನುಷ್ಯ, ಮೊದಲ ದಿನವೇ ಅಂಗಳದಲ್ಲಿ ಎಲ್ಲರ ಎದುರು ನೋಟಿನ ಲಕೋಟೆ ಕೊಟ್ಟರು. ಮರುದಿನ ಬೆಳಗ್ಗೆ ಹೋಟೆಲಿನ ಬಾಗಿಲಲ್ಲಿ ಮೂವತ್ತು ಜನ. ಆ ತಾಯಿಯ ಮೈದುನ ಲಕೋಟೆಯನ್ನು ಅಂದು ರಾತ್ರಿಯೇ ತೆಗೆದುಕೊಂಡಿದ್ದ. ಇದೆಲ್ಲ ಸರಿಪಡಿಸಬಹುದಾಗಿತ್ತು. ಸರಿಪಡಿಸಲಾಗದ್ದು ಹುಡುಗಿ ಕಾರಿನಲ್ಲಿ ಕೇಳಿದ ಪ್ರಶ್ನೆ: "ಈಗ ಕೊಟ್ಟದ್ದು ನನಗೋಸ್ಕರವಾ?" ನಾನು ಹಿಂದಿನ ರಾತ್ರಿ ಆ ತಂದೆಯ ಜೊತೆ ಕೂತು ಮಾತಾಡಿರಬೇಕಿತ್ತು, ಮಾತಾಡಿರಲಿಲ್ಲ.

ಹಾಗಂತ ಏನೂ ಕೊಡಬೇಡಿ ಎನ್ನುವ ಕಟ್ಟುನಿಟ್ಟಿನ ಸಲಹೆ ನನಗೆ ಒಪ್ಪಿಗೆಯಿಲ್ಲ. ನೆಂಟರಿಗೆ ಕಷ್ಟ ಬಂದಾಗ ನೆಂಟರು ನೋಡುತ್ತಾರೆ. ಆಕೆ ಕೇಳಿದರೆ ಅದು ದುರಾಸೆಯಲ್ಲ. ಕೊಡುವ ಹೊತ್ತು, ಕೊಡುವ ಕೈ, ಕೊಡುವ ದಾರಿ ಮಾತ್ರ ನೋಡಿಕೊಳ್ಳಿ. ಮೊದಲ ಭೇಟಿಗೆ ಉಡುಗೊರೆ ಸಾಕು, ಒಂದು ಒಳ್ಳೆಯ ಶಾಲು, ಸೋಲಾರ್ ದೀಪ, ಮನೆಯ ಮಕ್ಕಳಿಗೆ ಪುಸ್ತಕ ಪೆನ್ಸಿಲು. ಆಕೆ ನಿಮಗೆ ಹೊದಿಸುವ ಬಿಳಿಯ ಹತ್ತಿಯ ನೆತೆಲಾವನ್ನು ಅಲ್ಲೇ ಹೊದ್ದುಕೊಳ್ಳಿ, ಮಡಚಿ ಬ್ಯಾಗಿಗೆ ಹಾಕಬೇಡಿ. ಹಣದ ಸಹಾಯ ಮಾಡುವುದಾದರೆ ಎಷ್ಟು, ಎಷ್ಟು ವರ್ಷ ಎಂದು ಹೊರಡುವ ಮುಂಚೆ ಗಂಡ ಹೆಂಡತಿ ಕೂತು ಬರೆದಿಟ್ಟುಕೊಳ್ಳಿ. ಊರಿಗೆ ಬಂದ ಮೇಲೆ ಆಕೆಯದೇ ಹೆಸರಿನ ಬ್ಯಾಂಕ್ ಖಾತೆಗೆ ಕಳಿಸಿ, ಮಕ್ಕಳ ಶಾಲೆಗೆ, ಔಷಧಿಗೆ. ಮಗಳ ಕೈಯಿಂದ ಕೊಡಿಸಬೇಡಿ, ಯಾವತ್ತೂ.

ಮಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅವಳಿಗೆ ಅಲ್ಲಿ ಅಕ್ಕಂದಿರೋ ತಮ್ಮಂದಿರೋ ಇರಬಹುದು. ಅವರನ್ನು ನೋಡಿದ ಕ್ಷಣದಲ್ಲಿ ಹುಟ್ಟುವ ಪ್ರಶ್ನೆ "ಇಷ್ಟು ಜನರಲ್ಲಿ ನನ್ನನ್ನೇ ಯಾಕೆ?" ಅದನ್ನು ಕೇಳುವ ಹಕ್ಕು ಅವಳದು, ಉತ್ತರ ಕೊಡಬೇಕಾದವಳು ಆ ತಾಯಿ. ನಡುವೆ ನೀವು ಬಾಯಿ ಹಾಕಿ ಮೃದು ಮಾಡಬೇಡಿ. ಅವಳಿಗೆ ಅಳು ಬಾರದೇ ಇರಬಹುದು, ಏನೂ ಅನ್ನಿಸದೇ ಇರಬಹುದು, ಫೋನು ನೋಡುತ್ತ ಕೂತುಬಿಡಬಹುದು. ತಬ್ಬಿಕೋ, ಕಾಲು ಮುಟ್ಟು ಎಂದು ಹೇಳಬೇಡಿ. ಇಲ್ಲಿಯೇ ಇಥಿಯೋಪಿಯದಿಂದ ದತ್ತು ಬಂದು ಈಗ ದೊಡ್ಡವರಾದವರು ಇದ್ದಾರೆ, ಹೋಗಿ ಬಂದ ಒಬ್ಬಿಬ್ಬರ ಜೊತೆ ಮಗಳು ಮಾತಾಡಲಿ. ಅವರು ಹೇಳುವುದನ್ನು ನಾನೂ ಹೇಳಲಾರೆ, ನೀವೂ ಹೇಳಲಾರಿರಿ.

ಒಂದು ಉಪಾಯ ನಿಮಗೆ ಸಲೀಸು. ನಿಮ್ಮ ಮನೆಯಲ್ಲಿ ಕನ್ನಡವಿದ್ದರೆ ಅಲ್ಲಿ ಅದು ನಿಮ್ಮ ಮೂವರ ಗುಟ್ಟಿನ ಭಾಷೆ. ಅವಳು "ಅಮ್ಮ, ಬಾಯಾರಿಕೆ" ಎಂದರೆ ಹೊರಡೋಣ ಎಂದು ಅರ್ಥ ಎಂದು ಗೊತ್ತು ಮಾಡಿಕೊಳ್ಳಿ. ಕೇಳಿದ ಕೂಡಲೇ ಎದ್ದುಬಿಡಿ, ಕಾರಣ ಕೇಳಬೇಡಿ. ಎರಡು ಮೂರು ಭೇಟಿ ಇಟ್ಟುಕೊಳ್ಳಿ, ನಡುವೆ ಒಂದೊಂದು ದಿನ ಬಿಡುವು. ಮೊದಲನೆಯದು ಹೊಸಾನಾದ ಹೋಟೆಲಿನ ಕೋಣೆಯಲ್ಲಿ, ತಾಯಿ ಮತ್ತು ಒಡಹುಟ್ಟಿದವರಷ್ಟೇ. ಹಳ್ಳಿಯ ಮನೆಗೆ ಹೋಗುವುದು ಆಕೆ ಕರೆದ ಮೇಲೆ. ಅಲ್ಲಿ ನೂರು ಜನ ಸೇರುತ್ತಾರೆ, ಮಗಳಿಗೆ ಮೊದಲೇ ಹೇಳಿ.

ಮನೆಗೆ ಹೋದಾಗ ಕಾಫಿ ಇರುತ್ತದೆ. ಹಾಸನದವರಿಗೆ ಕಾಫಿಯ ಬಗ್ಗೆ ನಾನು ಹೇಳಬೇಕಾಗಿಲ್ಲ, ಆದರೆ ಅಲ್ಲಿ ಅದು ಒಂದೂವರೆ ಗಂಟೆಯ ಕೆಲಸ. ನೆಲಕ್ಕೆ ಹಸಿ ಹುಲ್ಲು ಹಾಸಿ, ಹಸಿ ಬೀಜವನ್ನು ನಿಮ್ಮ ಎದುರೇ ಹುರಿದು, ಹೊಗೆಯನ್ನು ನಿಮ್ಮ ಮುಖದ ಕಡೆ ಬೀಸಿ, ಕುಟ್ಟಿ, ಕರಿಮಣ್ಣಿನ ಜೆಬೆನಾದಲ್ಲಿ ಕುದಿಸುತ್ತಾರೆ. ಮೂರು ಸುತ್ತು: ಅಬೋಲ್, ತೋನ, ಬರಕ. ಮೂರನೆಯದು ಆಶೀರ್ವಾದದ ಕಪ್ಪು, ಅದನ್ನು ಕುಡಿಯದೆ ಏಳಬೇಡಿ. ಡ್ರೈವರಿಗೆ ಆತುರವಿದ್ದರೆ ಅವನಿಗೂ ಒಂದು ಕಪ್ಪು ಕೊಡಿಸಿ. ಮನೆಯ ಹಿಂದೆ ಬಾಳೆಯ ತೋಟದಂತೆ ಕಾಣುವುದು ಬಾಳೆಯಲ್ಲ, ಎನ್ಸೆಟ್. ಹಣ್ಣು ತಿನ್ನುವುದಿಲ್ಲ. ಬುಡದ ತಿರುಳನ್ನು ಕೆರೆದು ಗುಂಡಿಯಲ್ಲಿ ತಿಂಗಳುಗಟ್ಟಲೆ ಹುಳಿಬರಿಸಿ ಕೊಚೋ ಎಂಬ ರೊಟ್ಟಿ ಮಾಡುತ್ತಾರೆ. ನಿಮ್ಮ ಮಗಳು ಎರಡು ವರ್ಷದ ತನಕ ತಿಂದಿರಬಹುದಾದದ್ದು ಅದೇ. ಒಂದು ತುಂಡು ತಿನ್ನಲಿ.

ಪ್ರಯಾಣದ ವಿಷಯ ಬೇಗ ಮುಗಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ಹಳ್ಳಿಯ ರಸ್ತೆ ಕೆಸರು. ಚಳಿಗಾಲದ ರಜ ಒಳ್ಳೆಯದು. ಅಡಿಸ್‌ನಿಂದ ಹೊಸಾನಾಗೆ ಸುಮಾರು 230 ಕಿಲೋಮೀಟರ್, ಬೆಳಗ್ಗೆ ಹೊರಟು ಕತ್ತಲಾಗುವ ಮುಂಚೆ ತಲುಪಿ. ದೇಶದ ಕೆಲವು ಕಡೆ ಗಲಭೆಗಳಿವೆ, ಹೊರಡುವ ವಾರ ಅಮೆರಿಕದ ರಾಯಭಾರ ಕಚೇರಿಯ ಸೂಚನೆ ನೋಡಿ, ಬೇಡ ಎಂದಿದ್ದರೆ ಮುಂದಕ್ಕೆ ಹಾಕಿ. ಗಂಟೆಯ ಲೆಕ್ಕ ಜೋಪಾನ. ಅಲ್ಲಿ ಹೊತ್ತು ಹುಟ್ಟಿದಲ್ಲಿಂದ ಎಣಿಸುತ್ತಾರೆ. ಆ ತಾಯಿ ಮೂರು ಗಂಟೆಗೆ ಬರುತ್ತೇನೆ ಎಂದರೆ ನಮ್ಮ ಒಂಬತ್ತು. ಒಂದು ಕುಟುಂಬ ಇದು ಗೊತ್ತಿಲ್ಲದೆ ಮಧ್ಯಾಹ್ನ ಬಂತು. ಆಕೆ ಆರು ಗಂಟೆ ಹೊತ್ತು ಬಿಸಿಲಲ್ಲಿ ಕೂತಿದ್ದಳು.

ಕೊನೆಗೆ ನಿಮ್ಮ ಅತ್ತೆಯವರು. ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಭಾರತದಲ್ಲಿ ಈಗಿನ ದತ್ತು ಹೆತ್ತವಳ ಹೆಸರನ್ನು ಗುಟ್ಟಾಗಿಡುವ ಪದ್ಧತಿಯದು. ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು ಎರಡು ತಿಂಗಳು, ಆಮೇಲೆ ಬಾಗಿಲು ಮುಚ್ಚಿತು. ಅವರು ಕಂಡದ್ದು ಅದು, ಹೆದರುವುದು ಸಹಜ. ಆದರೆ ಅವರಿಗೆ ನೀವು ಒಂದು ಮಾತು ಹೇಳಲೇಬೇಕು. ಕನ್ನಡ ಕೂಟದ ಊಟದ ಸಾಲಿನಲ್ಲಿ "ಇವಳನ್ನು ಎಲ್ಲಿಂದ ತಂದ್ರಿ" ಎಂದು ಹುಡುಗಿಯ ಎದುರೇ ಕೇಳುವವರನ್ನು ನಾನು ಬಲ್ಲೆ, ಕೂದಲು ಮುಟ್ಟಿ ನೋಡುವವರನ್ನೂ ಬಲ್ಲೆ. ಹದಿನಾಲ್ಕು ವರ್ಷ ಅದನ್ನೆಲ್ಲ ನುಂಗಿದ ಹುಡುಗಿಗೆ ತನ್ನ ಮುಖದಂಥ ಮುಖಗಳ ನಡುವೆ ನಾಲ್ಕು ದಿನ ಕೂರಬೇಕು ಎನ್ನಿಸಿದರೆ ಅದು ನಿಮ್ಮನ್ನು ಬಿಟ್ಟುಹೋಗುವುದಲ್ಲ. ಅಲ್ಲೇ ಉಳಿದುಬಿಡುತ್ತಾಳೆ ಎನ್ನುವ ಭಯಕ್ಕೆ ನಾನು ಕಂಡ ಉತ್ತರವೆಂದರೆ, ನಾಲ್ಕೂ ಮಕ್ಕಳು ವಾಪಸ್ ಬರುವ ವಿಮಾನದಲ್ಲಿ ಗಾಢವಾಗಿ ನಿದ್ದೆ ಮಾಡಿದರು, ಇಬ್ಬರು ಅಮ್ಮನ ಭುಜಕ್ಕೆ ಒರಗಿ.

ಅತ್ತೆಯವರಿಗೆ ಒಂದು ಕೆಲಸ ಕೊಡಿ. ನಿಮ್ಮ ಫೋನಿನಲ್ಲಿ ಒಂದು ನಿಮಿಷ ಮಾತಾಡಲಿ, ಕ್ಯಾಮರಾ ನೋಡಿ, ಆ ತಾಯಿಗೆ. ಮೊಮ್ಮಗಳಿಗೆ ಏನು ಇಷ್ಟ, ಏನು ಮುಟ್ಟುವುದಿಲ್ಲ, ಚಿಕ್ಕವಳಿದ್ದಾಗ ಯಾವ ಹಾಡಿಗೆ ಮಲಗುತ್ತಿದ್ದಳು, ಏನು ತೋಚಿದರೆ ಅದು. ಬೀಗಿತ್ತಿಗೆ ಹೇಳುವಂತೆ, ಕನ್ನಡದಲ್ಲೇ. ಅಲ್ಲಿ ಅದನ್ನು ಮಗಳೇ ಇಂಗ್ಲಿಷಿಗೆ ಹೇಳಲಿ, ಅಲ್ಲಿಂದ ಮುಂದೆ ದುಭಾಷಿ ಹೇಳುತ್ತಾರೆ. ಹುಡುಕಾಟದ ವಿಡಿಯೋ ಕೈಗೆ ಬಂದಾಗ ನನಗೆ ಬರೆಯಿರಿ.